ಹಾಲೆ ಕೆತ್ತೆಗೆ ಹೊರಿಸಿದ ತಪ್ಪು

ಪದ್ಮಯ್ಯ ಮಾವ, ಆ ವರ್ಷ ನೀವು ತಂದ ಕೆತ್ತೆ ಹಾಲೆ ಮರದ್ದೇ. ಕಾಸರಕದ್ದಲ್ಲ. ನನ್ನನ್ನು ಜೀಪಿಗೆ ಹಾಕಿ ಸುಳ್ಯದ ಆಸ್ಪತ್ರೆಗೆ ಓಡಿಸುವಂತೆ ಮಾಡಿದ್ದು ನಿಮ್ಮ ಕಷಾಯವಲ್ಲ, ನಾನು ಕದ್ದು ತಿಂದ ಗಾಂಜಾ. ತಿಂದವನು ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನೂ ನಾನು.

ಇಷ್ಟೇ ಮಾತು. ಇದನ್ನು ಹೇಳಲು ನನಗೆ ಹದಿನೈದು ವರ್ಷದ ಹತ್ತಿರ ಬೇಕಾಯಿತು. ಸುಸ್ತಾಗಿದೆ ಮಾವ. ಸುಳ್ಳು ಹೇಳುವಾಗ ಏನೂ ಸುಸ್ತಾಗುವುದಿಲ್ಲ. ಪ್ರತಿ ವರ್ಷ ಆಟಿ ಬಂದಾಗ ಅದೇ ಸುಳ್ಳನ್ನು ಹೊರಗೆ ತೆಗೆದು, ಧೂಳು ಕೊಡವಿ, ಪುನಃ ಹಾಕಿಕೊಂಡು ತಿರುಗಬೇಕಲ್ಲ — ಅದರಲ್ಲಿ ಮನುಷ್ಯ ಸವೆದುಹೋಗುತ್ತಾನೆ.

ನಿಮಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಬರೆಯುತ್ತೇನೆ, ಸಹಿಸಿಕೊಳ್ಳಿ. ಇದನ್ನು ನೀವೊಬ್ಬರೇ ಓದಿದರೆ ಸಾಲದು. ಮಳೆಗಾಲದ ನಡುವೆ ಬರುವ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಕಡೆಯವರು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ತೊಗಟೆಗೆ ನಾವು ಕೆತ್ತೆ ಎನ್ನುತ್ತೇವೆ. ಖಾಲಿ ಹೊಟ್ಟೆಗೆ ಮೊದಲು ಬೀಳಬೇಕಾದದ್ದು ಅದೇ. ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಬೆಳಕು ಹರಿಯುವ ಮೊದಲು ಹೋಗಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯಬೇಕು. ಗುಡ್ಡೆಯಲ್ಲಿ ಹಾಲೆಯ ಪಕ್ಕದಲ್ಲೇ ಕಾಸರಕವೂ ಇರುತ್ತದೆ — ವಿಷದ ಮರ. ಎಲ್ಲೋ ಯಾರೋ ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರಂತೆ, ಅನಾಹುತವಾಯಿತಂತೆ ಎಂಬ ಮಾತು ಪ್ರತಿ ಆಟಿಯಲ್ಲೂ ಇರುವುದೇ. ಅದಕ್ಕೇ ಕೆತ್ತೆ ತರುವ ಕೆಲಸವನ್ನು ಕಂಡಕಂಡವರಿಗೆ ಕೊಡುವುದಿಲ್ಲ.

ನಮ್ಮ ಸುತ್ತಿನ ಮನೆಗಳಿಗೆಲ್ಲ ಆ ಕೆಲಸ ನಿಮ್ಮದು. ಅಮ್ಮನ ಅಣ್ಣ, ಬೆಳ್ಳಾರೆಯಲ್ಲಿ ಟೈಲರ್. ಮರಗಿಡದ ಪಂಡಿತರೇನಲ್ಲ, ನಿಮ್ಮ ಅಪ್ಪ ತರುತ್ತಿದ್ದರು, ಆಮೇಲೆ ನೀವು ತಂದಿರಿ, ಅಷ್ಟೆ. ಆದರೆ ಆ ಒಂದು ದಿನದ ನಿಮ್ಮ ಗತ್ತು! ಹಿಂದಿನ ಸಂಜೆಯೇ ಅಂಗಡಿಯ ಬಿಳಿ ನೂಲಿನ ರೀಲು ಕಿಸೆಗೆ ಹಾಕಿಕೊಂಡು ಗುಡ್ಡೆಗೆ ಹೋಗಿ ಹಾಲೆ ಮರಕ್ಕೆ ನೂಲು ಸುತ್ತಿ ಬರುತ್ತಿದ್ದಿರಿ. ಮರುದಿನ ಕತ್ತಲೆಯಲ್ಲಿ ಕೈಗೆ ನೂಲು ಸಿಕ್ಕಿದರೆ ಮರ ಸಿಕ್ಕಿತು ಎಂದು ಲೆಕ್ಕ. ಕೆತ್ತೆಯ ಕಟ್ಟು ನಮ್ಮ ಅಂಗಳದಲ್ಲಿ ಇಳಿಸಿ, "ವರ್ಷ ಇಡೀ ಕತ್ರಿ ಹಿಡಿದವನಿಗೆ ಇವತ್ತೊಂದು ದಿನ ಕಬ್ಬಿಣ ಮುಟ್ಲಿಕ್ಕಿಲ್ಲ ಮಾರಾಯ್ರೆ" ಎನ್ನುತ್ತಿದ್ದಿರಿ. ಪ್ರತಿ ವರ್ಷ ಅದೇ ತಮಾಷೆ. ನಾವು ನಗದಿದ್ದರೆ ನಗುವವರೆಗೆ ಪುನಃ ಹೇಳುತ್ತಿದ್ದಿರಿ.

ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸುಳ್ಯದಲ್ಲಿ ವೆಲ್ಡಿಂಗ್ ಕೆಲಸ. ಅಲ್ಲಿ ಜೊತೆಯಲ್ಲಿದ್ದವನಿಂದ ಗಾಂಜಾ ಸೇದಲು ಕಲಿತಿದ್ದೆ. ಅವನನ್ನು ದೂರುವುದಿಲ್ಲ, ಅವನು ಕೊಟ್ಟ, ನಾನು ಕೈ ಚಾಚಿದೆ. ಅಮಾವಾಸ್ಯೆಗೆಂದು ಮನೆಗೆ ಹೊರಟಾಗ ಕಾಗದದಲ್ಲಿ ಸುತ್ತಿದ ಮೂರು ಕಪ್ಪು ಉಂಡೆ ಕೊಟ್ಟ. ಇದು ತಿನ್ನುವುದು, ಹೊಗೆ ಇಲ್ಲ, ವಾಸನೆ ಇಲ್ಲ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. "ಒಂದರಲ್ಲಿ ಅರ್ಧ ಸಾಕು, ಹೆಚ್ಚು ತಿನ್ಬೇಡ" ಎಂದಿದ್ದ. ಆ ಮಾತು ಇಂದಿಗೂ ನೆನಪಿದೆ — ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬೆಳಿಗ್ಗೆ ನೀವು ಅಂಗಳದಲ್ಲಿ ತಮಾಷೆ ಹೇಳುತ್ತಿದ್ದಾಗ ನಾನು ಕೊಟ್ಟಿಗೆಯ ಹಿಂದೆ ನಿಂತು ಒಂದು ಉಂಡೆ ತಿಂದೆ. ಇಡೀ ಉಂಡೆ. ಅರ್ಧ ಗಂಟೆ ಕಾದರೂ ಏನೂ ಆಗಲಿಲ್ಲ. ಒಳಗೆ ಅಮ್ಮ ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸಿ ಕೆತ್ತೆ ಜಜ್ಜಿ ರಸ ತೆಗೆದು, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕುವ ಚುಂಯ್ ಸದ್ದು ಕೇಳಿಸಿತು. ಬರೀ ಬೆಲ್ಲ ಕೊಟ್ಟು ಮೋಸ ಮಾಡಿದ ಎಂದುಕೊಂಡು ಉಳಿದೆರಡನ್ನೂ ಬಾಯಿಗೆ ಹಾಕಿದೆ. ಹೊಟ್ಟೆಗೆ ಹೋದದ್ದು ನಿಧಾನವಾಗಿ ಏರುತ್ತದೆ, ಏರಿದರೆ ಬೇಗ ಇಳಿಯುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಏನೂ ಆಗದವನ ಹಾಗೆ ಒಳಗೆ ಬಂದು ಎಲ್ಲರ ಜೊತೆ ಕುಳಿತೆ. ಪಾತ್ರೆಯ ತಳದ ಕಷಾಯವನ್ನು ನನ್ನ ಲೋಟಕ್ಕೆ ಬಗ್ಗಿಸಿದ್ದು ನೀವೇ. "ಅಡಿಯದ್ದು ಗಟ್ಟಿ ಉಂಟು. ಕುಡಿ, ಒಳ್ಳೇದು" ಎಂದಿರಿ. ಕುಡಿದೆ. ಮೇಲಿಂದ ಮೆಂತೆ ಗಂಜಿಯನ್ನೂ ಉಂಡೆ.

ಏರಿದ್ದು ಗಂಜಿ ಉಂಡು ಕೈ ತೊಳೆಯುವಾಗ. ಚೊಂಬಿನಿಂದ ನೀರು ಬೀಳುತ್ತಲೇ ಇತ್ತು, ಎಷ್ಟು ಹೊತ್ತಾದರೂ ಚೊಂಬು ಖಾಲಿಯಾಗುತ್ತಿಲ್ಲ ಅನ್ನಿಸಿತು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಎದೆಬಡಿತ ಕಿವಿಯೊಳಗೆ ಕೇಳತೊಡಗಿತು. ಆಮೇಲೆ ಒಂದು ಯೋಚನೆ ಬಂದು ಕುಳಿತಿತು — ಉಸಿರು ತಾನಾಗಿ ಆಡುತ್ತಿಲ್ಲ, ನಾನು ನೆನಪಿಟ್ಟು ಎಳೆದುಕೊಂಡರೆ ಮಾತ್ರ ಬರುತ್ತದೆ, ಮರೆತರೆ ಮುಗಿಯಿತು. ಅಂಗಳದಲ್ಲೇ ಕುಸಿದೆ. "ಅಮ್ಮಾ, ನಾನು ಸಾಯ್ತೇನೆ" ಎಂದು ಕೂಗಿದವನು ನಾನೇ, ಆದರೆ ಸ್ವರ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಕೈಕಾಲು ತನ್ನಷ್ಟಕ್ಕೆ ನಡುಗಿತು.

ಯಾರೋ ಕಿರುಚಿದರು: "ಕಾಸರಕ!"

ಅಷ್ಟು ಸಾಕಾಯಿತು. ಅಮ್ಮ ಗಂಟಲಿಗೆ ಬೆರಳು ಹಾಕಿ ಕಾರಿಕೊಂಡಳು. ಅತ್ತೆ ಉಪ್ಪುನೀರು ಕಲಸಿದಳು. ಕೆಳಗಿನ ಮನೆಯವರು, ಮೇಲಿನ ಮನೆಯವರು, ಒಬ್ಬೊಬ್ಬರೇ ತಮ್ಮ ತಮ್ಮ ಅಂಗಳದಲ್ಲಿ ವಾಂತಿ ಮಾಡಿಕೊಂಡರು. ಆ ತನಕ ಗಟ್ಟಿಮುಟ್ಟಾಗಿದ್ದ ಒಬ್ಬರಿಗೆ ತಲೆ ತಿರುಗಿತು, ಇನ್ನೊಬ್ಬರಿಗೆ ಕಣ್ಣು ಮಂಜಾಯಿತು. ಇಡೀ ಕೇರಿಗೆ ಹೆದರಿಕೆಯೇ ವಿಷವಾಗಿ ಹತ್ತಿತ್ತು. ಈಗ ನೆನೆದರೆ ನಗು ಬರಬೇಕು, ಬರುವುದಿಲ್ಲ. ಯಾಕೆಂದರೆ ನಡುವೆ ನೀವು ನಿಂತಿದ್ದಿರಿ. ಕೈಯಲ್ಲಿ ಕಷಾಯದ ಖಾಲಿ ಪಾತ್ರೆ. ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದರು. ನೀವು ನನ್ನನ್ನು ನೋಡುತ್ತಿದ್ದಿರಿ.

ಜೀಪಿನಲ್ಲಿ ನನ್ನ ತಲೆ ನಿಮ್ಮ ತೊಡೆಯ ಮೇಲಿತ್ತು. ಸುಳ್ಯದವರೆಗೂ "ಉಸಿರು ತೆಗಿ ಮಗಾ, ಉಸಿರು ತೆಗಿ" ಎನ್ನುತ್ತಲೇ ಬಂದಿರಿ. ಉಸಿರಾಡಲು ಮರೆತುಬಿಡುತ್ತೇನೆಂದು ಹೆದರಿದ್ದವನಿಗೆ ಆ ದಾರಿಯಲ್ಲಿ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ ಮಾತು. ಅದಕ್ಕೆ ಪ್ರತಿಯಾಗಿ ನಾನು ಮಾಡಿದ್ದು —

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ನಿಮ್ಮನ್ನೂ ಅಮ್ಮನನ್ನೂ ಹೊರಗೆ ಕಳಿಸಿದರು. ಮೆಲ್ಲಗೆ ಕೇಳಿದರು: "ಕಷಾಯ ಬಿಟ್ಟು ಬೇರೆ ಎಂತಾದ್ರೂ ತಿಂದದ್ದು, ಸೇದಿದ್ದು ಉಂಟಾ? ನಾನು ಯಾರಿಗೂ ಹೇಳುದಿಲ್ಲ."

"ಇಲ್ಲ. ಕಷಾಯ ಮಾತ್ರ" ಎಂದೆ.

ಅವರು ನಂಬಲಿಲ್ಲ ಎಂದು ಕಾಣುತ್ತದೆ. ಡ್ರಿಪ್ ಹಾಕಿಸಿ, "ಜೀವಕ್ಕೆ ಅಪಾಯ ಇಲ್ಲ. ಮಲಗಿ, ನೀರು ಕುಡೀರಿ. ಇಳಿಯುವಾಗ ಇಳಿಯುತ್ತದೆ, ಅಲ್ಲಿವರೆಗೆ ಕಾಯ್ಬೇಕು, ಅಷ್ಟೆ" ಎಂದರು. ಹೊರಗೆ ಅಮ್ಮನಿಗೆ, ಕಾಸರಕದ ಲಕ್ಷಣದ ಹಾಗೆ ಕಾಣುವುದಿಲ್ಲ, ಏನೋ ಹೊಟ್ಟೆಗೆ ಹೋಗಿದೆ ಎಂದರಂತೆ. ಅಮ್ಮನಿಗೆ ಕೇಳಿಸಿದ್ದು 'ಹೊಟ್ಟೆಗೆ ಹೋಗಿದೆ' ಎಂಬುದು ಮಾತ್ರ. ಹೊಟ್ಟೆಗೆ ಹೋದದ್ದು ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಸಂಜೆಗೆ ಎದೆ ಸ್ವಲ್ಪ ಹಿಡಿತಕ್ಕೆ ಬಂದಾಗ ನೀವು ಮಂಚದ ಹತ್ತಿರ ಬಂದಿರಿ. ನಿಮ್ಮ ಅಂಗಿಯ ಮೇಲೆ ನಾನು ಜೀಪಿನಲ್ಲಿ ಮಾಡಿಕೊಂಡ ವಾಂತಿಯ ಕಲೆ ಹಾಗೇ ಇತ್ತು. "ನನ್ನಿಂದ ತಪ್ಪಾಯ್ತು ಮಗಾ" ಎಂದಿರಿ. ನೀವು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಏನು ಹೇಳಿದೆ, ನೆನಪಿದೆಯಾ ಮಾವ? "ಪರ್ವಾಗಿಲ್ಲ ಮಾವ, ಬಿಡಿ" ಎಂದೆ. ನಿಮ್ಮನ್ನು ಕ್ಷಮಿಸಿದೆ. ತಪ್ಪು ಮಾಡಿದವನು ಮಲಗಿಕೊಂಡು, ತಪ್ಪು ಮಾಡದವರನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ. ಅಮ್ಮ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಹೆದರಿಕೆಯ ಸುಳ್ಳು ಎನ್ನಬಹುದಿತ್ತು. ನಿಲ್ಲಲಿಲ್ಲ. ನಾಲ್ಕೈದು ದಿನ ಬಿಟ್ಟು ನೀವು ನಮ್ಮ ಮನೆಗೆ ಬಂದಿರಿ. ಮುಖದಲ್ಲಿ ಒಂದು ಕಳೆ ಇತ್ತು. ಚಾವಡಿಯಲ್ಲಿ ಕೂರುವ ಮೊದಲೇ ಹೇಳಿದಿರಿ: "ಗುಡ್ಡೆಗೆ ಹೋಗಿ ನೋಡಿ ಬಂದೆ. ನೂಲು ಹಾಲೆ ಮರದಲ್ಲೇ ಉಂಟು. ಕೆತ್ತೆ ತೆಗೆದ ಗಾಯವೂ ಅದರಲ್ಲೇ ಉಂಟು. ನಂಗೆ ಮರ ತಪ್ಪಲಿಲ್ಲ ಲೋಕೇಶ." ನಂತರ ನನ್ನ ಮುಖ ನೋಡಿದಿರಿ. ನಾನೊಂದು ಮಾತು ಹೇಳುತ್ತೇನೆಂದು ಕಾಯುತ್ತಿದ್ದಿರಿ. ಅಮ್ಮ ಒಳಗಿನಿಂದ, "ಹಾಗಾದ್ರೆ ಇವನಿಗೆ ಆದದ್ದು ಎಂತದು?" ಎಂದಳು.

ಬಾಗಿಲು ತೆರೆದೇ ಇತ್ತು ಮಾವ. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಆ ಹೊತ್ತಿನಲ್ಲಿ ನನ್ನ ಬಾಯಿಯಿಂದ ಬಂದ ಮಾತು ಇದು:

"ಆ ಮರದ್ದು ಸಾಕಾಗದೆ, ಕತ್ತಲೆಯಲ್ಲಿ ಪಕ್ಕದ ಮರಕ್ಕೂ ಕೈ ಹಾಕಿದ್ರೋ ಏನೋ ಮಾವ."

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಸುಮ್ಮನಿದ್ದರೂ ಆಗುತ್ತಿತ್ತು. ನಾನು ಯೋಚಿಸಿ, ಹೊಂದುವ ಹಾಗೆ ನೋಡಿ ಹೇಳಿದೆ. ನೀವು ನಿಮ್ಮ ಕೈಗಳನ್ನೇ ನೋಡಿಕೊಂಡಿರಿ. "ಇರ್ಬಹುದು" ಎಂದಿರಿ. "ಈ ಸಲ ಎರಡು ಮನೆ ಹೆಚ್ಚಿಗೆ ಇತ್ತು. ಇರ್ಬಹುದು." ನಿಮ್ಮ ಕಣ್ಣು ಕಂಡದ್ದಕ್ಕಿಂತ ನನ್ನ ಮಾತನ್ನು ನೀವು ನಂಬಿದಿರಿ. ತಂಗಿಯ ಮಗ ಯಾಕೆ ಸುಳ್ಳು ಹೇಳುತ್ತಾನೆ?

ಆಮೇಲೂ ಗುಡ್ಡೆಗೆ ಹೋಗಿ ಕಾಸರಕದ ಮರ ನೋಡಿ ಬಂದಿರೆಂದು ಅತ್ತೆ ಹೇಳಿದ್ದಳು. ದನ ಕೊಂಬು ತಿಕ್ಕಿದ್ದೋ, ಸೌದೆಯವರು ಕಚ್ಚು ಹಾಕಿದ್ದೋ, ಗಾಯವಿಲ್ಲದ ಮರ ಎಲ್ಲಿದೆ? ಹುಡುಕಿದ ನಿಮಗೆ ಕಾಸರಕದಲ್ಲೂ ಒಂದು ಗಾಯ ಸಿಕ್ಕಿತು.

ನನಗೆ ಶಿಕ್ಷೆಯಾಗಲಿಲ್ಲವೆಂದಲ್ಲ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಬರೆದರೆ ಕನಿಕರ ಬೇಡಿದ ಹಾಗಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಅದಕ್ಕೂ ಬೆಲೆ ತೆತ್ತವರು ನೀವು. ಆ ದಿನದ ಹೆದರಿಕೆ ಮೈಯಿಂದ ಪೂರ್ತಿ ಇಳಿಯಲಿಲ್ಲ. ವೆಲ್ಡಿಂಗಿನ ಮುಖವಾಡ ಇಳಿಸಿದ ಕೂಡಲೇ ಉಸಿರು ಕಟ್ಟುತ್ತಿತ್ತು. ಬೆಳ್ಳಾರೆಯಿಂದ ಸುಳ್ಯಕ್ಕೆ ಬಸ್ಸು ಹತ್ತಿದವನು ಅರ್ಧ ದಾರಿಯಲ್ಲಿ ಇಳಿದು ಮೋರಿಯ ಮೇಲೆ ಕುಳಿತುಬಿಡುತ್ತಿದ್ದೆ — ಎದೆ ಹಿಡಿದುಕೊಂಡು, ಮಣಿಕಟ್ಟಿಗೆ ತಣ್ಣೀರು ಹಾಕಿಕೊಂಡು, ಇದು ಸಾವಲ್ಲ, ಇಳಿಯುತ್ತದೆ, ಹೋದ ಸಲವೂ ಇಳಿದಿತ್ತು ಎಂದು ನನಗೆ ನಾನೇ ಹೇಳಿಕೊಂಡು. ಗಾಂಜಾ ಅಂದೇ ಬಿಟ್ಟೆ. ಅದು ನನ್ನನ್ನು ಬಿಡಲು ವರ್ಷಗಳು ಹಿಡಿದವು. ಊರವರು 'ಕಾಸರಕದ ವಿಷ ನರದಲ್ಲಿ ಉಳಿದಿದೆ' ಎಂದರು. ನೀವು ಪ್ರತಿ ಭಾನುವಾರ ತಪ್ಪದೆ ಎಳನೀರಿನ ಗೊನೆ ತಂದುಕೊಟ್ಟಿರಿ. ನಿಮ್ಮ ಕೈಯ ಎಳನೀರು ಕುಡಿದು ನನ್ನ ರೋಗಕ್ಕೆ ನೀವೇ ಕಾರಣ ಎಂಬ ಮುಖ ಮಾಡಿಕೊಂಡು ಕುಳಿತಿರುತ್ತಿದ್ದೆ. ನನ್ನ ಮದುವೆಯ ಅಂಗಿ ಹೊಲಿದುಕೊಟ್ಟಾಗಲೂ ನೀವು ಕೇಳಿದ್ದು ಒಂದೇ: "ಈಗ ಎದೆ ಹೇಗುಂಟು?"

ಕೊನೆಗೆ ಪುತ್ತೂರಿನಲ್ಲಿ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಮೊದಲ ಸಲ ಬಾಯಿಬಿಟ್ಟದ್ದು ಅಲ್ಲಿ, ಗುರುತಿಲ್ಲದವರ ಎದುರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅತಿಯಾಗಿ ತಿಂದವರಿಗೆ ಹೀಗೆ ಆಗುವುದುಂಟು, ಹೆದರಿಕೆ ಒಮ್ಮೆ ದಾರಿ ಕಲಿತರೆ ಪುನಃ ಬರುತ್ತದೆ, ಬಂದಾಗ ಅದರೊಡನೆ ಜಗಳಕ್ಕೆ ನಿಲ್ಲಬೇಡಿ, ಉಸಿರನ್ನು ನಿಧಾನ ಬಿಡಿ, ಇನ್ನು ಆ ವಸ್ತುವಿನ ಹತ್ತಿರ ಹೋಗಬೇಡಿ ಎಂದರು. ಮಾತ್ರೆ ಕೊಟ್ಟರು, ಗುಣವೂ ಆಯಿತು. ಏಳುವಾಗ ಕೇಳಿದರು: "ಮನೆಯಲ್ಲಿ ಹೇಳಿದ್ದೀರಾ?" ಹೌದು ಎಂದೆ. ಅಲ್ಲಿಯೂ ಒಂದು ಸುಳ್ಳು ಇಟ್ಟು ಬಂದೆ.

ನಾನು ಗುಣವಾದೆ. ನೀವು ಆಗಲಿಲ್ಲ.

ಆ ವರ್ಷದ ನಂತರ ನೀವು ಕೆತ್ತೆಗೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಈಗ ಭಜನಾ ಮಂದಿರದಲ್ಲಿ ದೊಡ್ಡ ಹಂಡೆಯಲ್ಲಿ ಕಷಾಯ ಮಾಡಿ ಲೋಟಗಳಲ್ಲಿ ಹಂಚುತ್ತಾರೆ. ಎಲ್ಲರೂ ಕುಡಿಯುತ್ತಾರೆ. "ಲೋಕೇಶನಿಗೆ ಬೇಡ, ಅವನಿಗೆ ಆಗುದಿಲ್ಲ" ಎಂದು ಅಮ್ಮ ಅಡ್ಡ ಕೈ ಹಿಡಿಯುತ್ತಾಳೆ, ನಾನು ತಲೆ ಆಡಿಸಿ ಹಿಂದೆ ಸರಿಯುತ್ತೇನೆ. ನೀವು ಆ ದಿನ ಮಂದಿರದ ಕಡೆಗೇ ಬರುವುದಿಲ್ಲ.

ಅಷ್ಟೇ ಆಗಿದ್ದರೆ ಒಂದು ಹಬ್ಬ ಹೋಯಿತು ಎನ್ನಬಹುದಿತ್ತು. ಆ ಸಂಶಯ ಗುಡ್ಡೆಯಿಂದ ಇಳಿದು ನಿಮ್ಮ ಅಂಗಡಿಗೆ ಬಂತು. ಅಳತೆಯನ್ನು ಎರಡು ಸಲ, ಮೂರು ಸಲ ತೆಗೆಯತೊಡಗಿದಿರಿ. ಚಾಕ್‌ನಲ್ಲಿ ಗೀಟು ಹಾಕಿ, ಕತ್ತರಿ ಎತ್ತಿ, ಪುನಃ ಕೆಳಗಿಟ್ಟು, "ಸರಿ ಉಂಟಾ ನೋಡು" ಎಂದು ಅತ್ತೆಯನ್ನು ಕರೆಯುತ್ತಿದ್ದಿರಂತೆ. ಕತ್ತರಿಸಿದ ಬಟ್ಟೆ ಪುನಃ ಕೂಡುವುದಿಲ್ಲ ಎಂದು ಹೆದರಿಕೆ. ಒಂದು ಅಂಗಿಗೆ ಒಂದು ವಾರವಾದರೆ ಗಿರಾಕಿಗಳು ಎಷ್ಟು ದಿನ ಕಾಯುತ್ತಾರೆ? ಈಗ ನೀವು ಬಟ್ಟೆ ಕತ್ತರಿಸುವುದೇ ಇಲ್ಲ. ಸೀರೆಗೆ ಫಾಲ್ಸ್, ಪ್ಯಾಂಟಿನ ಅಂಚು, ಹರಿದ ಚೀಲ. ರೆಡಿಮೇಡ್ ಬಂದು ಟೈಲರ್‌ಗಳೆಲ್ಲ ಹೀಗೇ ಆದರು ಎಂದು ಜನ ಹೇಳುತ್ತಾರೆ. ಆ ಮಾತಿನ ನೆರಳಿನಲ್ಲಿ ನಾನೂ ಕೆಲವು ವರ್ಷ ನಿಂತಿದ್ದೆ. ಆದರೆ ನಿಮ್ಮ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲ ಎಂದಾಗ ನೀವು ಹೇಳಿದ ಮಾತನ್ನು ಅಮ್ಮ ನನಗೆ ತಂದು ಮುಟ್ಟಿಸಿದಳು. "ಕಣ್ಣು ಸರಿ ಇರ್ಬಹುದು. ನನ್ನ ಕಣ್ಣನ್ನು ನಾನು ನಂಬುದು ಹೇಗೆ?"

ಅದನ್ನು ಕೇಳಿದ ಮೇಲೆ, ಹೋದ ವಾರ, ಹೇಳಿಯೇ ಬಿಡುತ್ತೇನೆಂದು ನಿಮ್ಮ ಅಂಗಡಿಗೆ ಬಂದೆ. ನೀವು ಸೂಜಿಗೆ ನೂಲು ಪೋಣಿಸುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು "ಮಾವ, ಒಂದು ವಿಷಯ" ಎನ್ನುವಷ್ಟರಲ್ಲಿ ನೀವು ಗಾಬರಿಯಿಂದ ಎದ್ದಿರಿ.

"ಎಂತ, ಪುನಃ ಎದೆಗೆ ಬಂತಾ?"

"ಇಲ್ಲ ಮಾವ."

ಸ್ಟೂಲು ಎಳೆದು ಕೂರಿಸಿ ಬೆನ್ನು ಸವರಿದಿರಿ. "ನೀನು ಒಳ್ಳೆಯವ ಮಾರಾಯ. ಬೇರೆಯವರಾಗಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ" ಎಂದಿರಿ.

ನಾನು ಚಹಾ ಕುಡಿದು ಎದ್ದು ಬಂದೆ. ಅಂಗಡಿ ದಾಟಿದ ಮೇಲೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕುಳಿತೆ. ಸುಳ್ಯದ ಬಸ್ಸು ಬಂದು ಹೋಯಿತು, ಪುತ್ತೂರಿನದ್ದೂ ಬಂದು ಹೋಯಿತು. ಎದೆ ಹೊಡೆದುಕೊಳ್ಳಲಿಲ್ಲ. ಅದು ಹೊಡೆದುಕೊಂಡಿದ್ದರೆ ಚೆನ್ನಾಗಿತ್ತು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಮೊದಲು ಅಮ್ಮನ ಹೆದರಿಕೆ, ಆಮೇಲೆ ಮದುವೆಯ ಮಾತು, ಆಮೇಲೆ... ಇಲ್ಲ, ಅದನ್ನು ಮುಂದುವರಿಸುವುದಿಲ್ಲ. ಯಾವ ಕಾರಣ ಕೊಟ್ಟರೂ ನೀವು ಒಪ್ಪಿಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ನಿಮ್ಮನ್ನು ಕಳೆದುಕೊಳ್ಳುವುದಕ್ಕಿಂತ ನಿಮ್ಮ ಹೆಸರನ್ನು ಕಳೆಯುವುದು ನನಗೆ ಸುಲಭವಾಗಿ ಕಂಡಿತು. ಹೇಳಲು ಇರುವುದು ಅಷ್ಟೆ.

ನಾಡಿದ್ದು ಆಟಿ ಅಮಾವಾಸ್ಯೆ. ನಾಳೆ ಬೆಳಿಗ್ಗೆ ನೀವು ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇನೆ. ಬರೆದದ್ದನ್ನು ಕೈಗೆ ಕೊಟ್ಟು ಓಡಿಹೋಗುವುದಿಲ್ಲ, ಎದುರಿಗೆ ನಿಂತು ಓದುತ್ತೇನೆ. ನಾಡಿದ್ದು ಮಂದಿರದಲ್ಲಿ ಎಲ್ಲರೂ ಲೋಟ ಹಿಡಿದು ಕುಳಿತಾಗ ಅಲ್ಲಿಯೂ ಓದುತ್ತೇನೆ — ಅಂದು ವಾಂತಿ ಮಾಡಿಕೊಂಡವರೆಲ್ಲ ಕೇಳಲಿ, ಅಮ್ಮನೂ ಕೇಳಲಿ. ನೂಲು ಇದ್ದದ್ದು ಹಾಲೆ ಮರದಲ್ಲಿ. ಗಾಯ ಇದ್ದದ್ದೂ ಅದೇ ಮರದಲ್ಲಿ. ನಿಮ್ಮ ಕಣ್ಣು ನೋಡಿದ್ದು ಸರಿ, ನಿಮ್ಮ ಕೈ ಮುಟ್ಟಿದ್ದು ಸರಿ. ಮೋಸ ಇದ್ದದ್ದು ನನ್ನ ಬಾಯಲ್ಲಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ನಮ್ಮಿಬ್ಬರ ನಡುವೆ ಆ ಮಾತನ್ನು ನಾನು ಆಸ್ಪತ್ರೆಯ ಮಂಚದ ಮೇಲೆ ಮಲಗಿಯೇ ಹಾಳು ಮಾಡಿದ್ದೇನೆ. ಬೈಯಿರಿ, ಹೊಡೆಯಿರಿ, ಅಂಗಡಿಯಿಂದ ಹೊರಗೆ ಹಾಕಿ. ಮಾತಾಡದೆ ಹೊಲಿಗೆ ಮುಂದುವರಿಸಿದರೂ ನಾನು ನಿಂತಿರುತ್ತೇನೆ.

ಒಂದು ಮಾತ್ರ ಮಾವ — ನಾನು ಬಾಗಿಲಲ್ಲಿ ಕಂಡ ಕೂಡಲೇ, ಎದೆ ಹೇಗುಂಟು ಎಂದು ಕೇಳಬೇಡಿ.